ಅರ್ಧ ಮಿಲಿಮೀಟರ್ ಗೆರೆ

ಮೈಕ್ರೋಮೀಟರ್ ಎಂದರೆ ಲೋಹದ ತುಂಡಿನ ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಕೈ ಸಾಧನ. ಅದನ್ನು ಹಿಡಿದು ರೂಢಿ ಇರುವವರಿಗೆ ಅದರ ಗೆರೆಗಳು ಗೊತ್ತು. ಸ್ಲೀವ್ ಎಂಬ ತಿರುಗದ ಕೊಳವೆಯ ಮೇಲೆ ಉದ್ದಕ್ಕೆ ಒಂದು ಗೀಟು. ಅದರ ಒಂದು ಬದಿಗೆ ಪೂರ್ತಿ ಮಿಲಿಮೀಟರ್ ಗೆರೆಗಳು, ಇನ್ನೊಂದು ಬದಿಗೆ ಅರ್ಧ ಮಿಲಿಮೀಟರ್ ಗೆರೆಗಳು. ಸ್ಲೀವ್ ಮೇಲೆ ತಿರುಗುವ ಹಿಡಿಯಂಥ ಭಾಗಕ್ಕೆ ತಿಂಬಲ್ ಎಂದು ಹೆಸರು, ಅದರ ಸುತ್ತ 50 ಮನೆ. ತಿಂಬಲ್ ಒಂದು ಸುತ್ತು ಬಂದರೆ ಅರ್ಧ ಮಿಲಿಮೀಟರ್. ಅಂದರೆ ಒಂದು ಮನೆಗೆ 0.01 ಮಿಲಿಮೀಟರ್. ಲೆಕ್ಕ ಇಷ್ಟೇ.

ಇಷ್ಟನ್ನು ಕಲಿಸಲು ನಾನು 22 ನಿಮಿಷದ ವಿಡಿಯೋ ಮಾಡಿದ್ದೆ. ಎಲ್ಲರೂ ಅದನ್ನು ಪೂರ್ತಿ ನೋಡಿದರು. ಆದರೂ ಅಳತೆ ತಪ್ಪಿದ ಜಾಬ್‌ಗಳು, ಅಂದರೆ ಮೆಷಿನ್‌ನಲ್ಲಿ ಮಾಡಿದ ಬಿಡಿಭಾಗಗಳು, ಸ್ಕ್ರ್ಯಾಪ್ ಬಿನ್‌ಗೆ ಬೀಳುವುದು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ತಿಳಿಯಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ನಾನು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತೇನೆ. ಐಟಿಐ ಮುಗಿಸಿದ ಹುಡುಗ ಹುಡುಗಿಯರು ಬ್ಯಾಚ್ ಬ್ಯಾಚ್ ಆಗಿ ಬರುತ್ತಾರೆ. ತುಮಕೂರು, ಹಾಸನ, ಹಾವೇರಿ, ಯಾದಗಿರಿ ಕಡೆಯವರು ಜಾಸ್ತಿ. ಮೊದಲೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಬೋರ್ಡ್ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಕೊರೊನಾ ಬಂದ ಮೇಲೆ ಹಾಗೆ ಕೂರಿಸುವಂತಿರಲಿಲ್ಲ. ಪಾಠಗಳನ್ನೆಲ್ಲ ವಿಡಿಯೋ ಮಾಡಿ ಫೋನಿಗೆ ಕಳಿಸುವುದು ಎಂದಾಯಿತು.

ಮೈಕ್ರೋಮೀಟರ್ ಪಾಠಕ್ಕೆ ನಾನು ತುಂಬಾ ಶ್ರಮ ಹಾಕಿದ್ದೆ. ದೊಡ್ಡದಾಗಿ ಚಿತ್ರ ಬರೆಸಿ, ಪೂರ್ತಿ ಗೆರೆಗೆ ನೀಲಿ, ಅರ್ಧ ಗೆರೆಗೆ ಕೆಂಪು ಬಣ್ಣ ಕೊಟ್ಟು, ತಿಂಬಲ್ ನಿಧಾನವಾಗಿ ತಿರುಗುವಂತೆ ಮಾಡಿಸಿದ್ದೆ. ಕೊನೆಯಲ್ಲಿ ಐದು ಪ್ರಶ್ನೆ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕು. ಎರಡು ವಾರದಲ್ಲಿ ಎಲ್ಲರ ಹೆಸರಿನ ಮುಂದೆಯೂ ಹಸಿರು ಗುರುತು ಬಂತು. 100 ಪರ್ಸೆಂಟ್. ಮೀಟಿಂಗ್‌ನಲ್ಲಿ ಆ ಹಾಳೆ ತೋರಿಸಿದಾಗ ನನಗೆ ನಿಜವಾಗಿಯೂ ಹೆಮ್ಮೆಯಾಗಿತ್ತು.

ಮೂರು ತಿಂಗಳ ಮೇಲೆ ರಿಜೆಕ್ಷನ್ ಲೆಕ್ಕ ನೋಡಿದರೆ ಏನೂ ಬದಲಾಗಿರಲಿಲ್ಲ. ಸೂಪರ್‌ವೈಸರ್ ಹೇಳಿದರು, "ಮೇಡಂ, ಹುಡುಗ್ರಿಗೆ ಇನ್ನೊಂದ್ಸಲ ಆ ವಿಡಿಯೋ ತೋರ್ಸಿ." ತೋರಿಸಿದೆವು. ಮತ್ತೆ ಎಲ್ಲರಿಗೂ ಹಸಿರು ಗುರುತು. ಮತ್ತೆ ಅದೇ ಸ್ಕ್ರ್ಯಾಪ್.

ಆ ದಿನಗಳಲ್ಲಿ ರಾತ್ರಿ ಹೊತ್ತು ಆನ್‌ಲೈನ್ ಕಲಿಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸಿದ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ. 2012ರಿಂದ 2018ರವರೆಗಿನ ಮಾಹಿತಿಯನ್ನು ಜಸ್ಟಿನ್ ರೈಕ್ ಮತ್ತು ಅವರ ಜೊತೆಗಾರರು ನೋಡಿ, 2019ರಲ್ಲಿ ಪ್ರಕಟಿಸಿದ್ದರು. ಹೆಸರು ಕೊಟ್ಟವರಲ್ಲಿ 52% ಜನ ಕೋರ್ಸ್ ಒಳಗೆ ಕಾಲೇ ಇಟ್ಟಿರಲಿಲ್ಲ. 2017-18ರಲ್ಲಿ ಕೊನೆಯವರೆಗೆ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ಓದಿದಾಗ ಮೊದಲು ಸಮಾಧಾನವಾಯಿತು. ಅಲ್ಲಿ 3, ನಮ್ಮಲ್ಲಿ 100!

ಆಮೇಲೆ ಯೋಚಿಸಿದೆ. ಅಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ನಮ್ಮಲ್ಲಿ ನೋಡದಿದ್ದರೆ ಮೆಷಿನ್ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲರೂ ಮುಗಿಸುತ್ತಾರೆ. ಮುಗಿಸಿದರು ಎಂಬುದಕ್ಕೂ ಕಲಿತರು ಎಂಬುದಕ್ಕೂ ಸಂಬಂಧ ಇದೆಯಾ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು. ಕಲಿತವರಿಗೆ ಪಾಠ ಇಷ್ಟವಾಯಿತಾ, ಅವರು ಕಲಿತರಾ, ಕೆಲಸದಲ್ಲಿ ಹಾಗೆ ಮಾಡುತ್ತಿದ್ದಾರಾ, ಅದರಿಂದ ಫಲ ಸಿಕ್ಕಿತಾ. ನನ್ನ ಹಸಿರು ಗುರುತು ಈ ನಾಲ್ಕರಲ್ಲಿ ಮೊದಲ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಟೊಯೋಟಾ ಕಾರ್ಖಾನೆಯ ತೈಚಿ ಓನೊ ಅವರ ಬಗ್ಗೆ ಒಂದು ಮಾತು ನಮ್ಮ ಕಡೆ ಎಲ್ಲ ಶಾಪ್‌ಗಳಲ್ಲೂ ಓಡಾಡುತ್ತದೆ. ಅವರು ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಒಂದು ವೃತ್ತ ಬರೆದು, ಎಂಜಿನಿಯರ್‌ಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಸುಮ್ನೆ ನೋಡಬೇಕು. ಏನು ಕಂಡಿತು ಎಂದು ಹೇಳಬೇಕು. ಈ ಕಥೆಯನ್ನು ನಾನೇ ಎಷ್ಟೋ ಬ್ಯಾಚ್‌ಗಳಿಗೆ ಹೇಳಿದ್ದೇನೆ. ಆದರೆ ಹಾಗೆ ನಿಂತದ್ದು ಒಂದು ದಿನವೂ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಯ ಶಿಫ್ಟ್‌ಗೆ ಹೋಗಿ, ಕಂಪ್ಯೂಟರ್ ನಡೆಸುವ ಒಂದು ಸಿಎನ್‌ಸಿ ಮೆಷಿನ್ ಪಕ್ಕ ನಿಂತುಬಿಟ್ಟೆ. ಪಕ್ಕದ ಮೆಷಿನ್ನಿನ ಹಿರಿಯರು ನೋಡಿ, "ಏನ್ ಮೇಡಂ, ಇವತ್ತು ಇಲ್ಲೇ ಠಿಕಾಣಿನಾ?" ಎಂದು ಕೇಳಿದರು. "ಹೂಂ ಅಣ್ಣ, ನೋಡ್ತಾ ಇರ್ತೀನಿ" ಎಂದೆ.

ಮೆಷಿನ್ ಮೇಲಿದ್ದವನು ಹಾವೇರಿ ಕಡೆಯ ಹುಡುಗ. ಬಂದು ನಾಲ್ಕು ತಿಂಗಳಾಗಿತ್ತು. ನನ್ನ ಐದು ಪ್ರಶ್ನೆಗೂ ಸರಿ ಉತ್ತರ ಕೊಟ್ಟಿದ್ದವನು. ಜಾಬ್ ತೆಗೆದ. ಕೂಲೆಂಟ್ ಒರೆಸಿದ. ಮೈಕ್ರೋಮೀಟರ್ ಇಟ್ಟು ರ‍್ಯಾಚೆಟ್ ಟಕ್ ಟಕ್ ಟಕ್ ಎನ್ನುವವರೆಗೆ ತಿರುಗಿಸಿದ. ಟ್ಯೂಬ್‌ಲೈಟ್ ಕಡೆ ಎತ್ತಿ ಹಿಡಿದು ನೋಡಿದ. ನಾನು ಹೇಳಿಕೊಟ್ಟ ಹಾಗೆಯೇ, ಒಂದೂ ತಪ್ಪಿಲ್ಲ.

"ಎಷ್ಟಪ್ಪ?"

"12.98 ಮೇಡಂ."

ಬೇಕಾಗಿದ್ದದ್ದು 12.50. ಅವನು ಆಫ್‌ಸೆಟ್, ಅಂದರೆ ಕೊರೆಯುವ ಟೂಲ್ ಎಷ್ಟು ಸರಿಯಬೇಕು ಎಂದು ಮೆಷಿನ್‌ಗೆ ಕೊಡುವ ಅಂಕಿ, ಬದಲಿಸಲು ಕೈ ಹಾಕುತ್ತಿದ್ದ. ನಾನು ಮೈಕ್ರೋಮೀಟರ್ ಇಸಕೊಂಡು ನೋಡಿದೆ. 12.48 ಇತ್ತು. ಅಷ್ಟು ವ್ಯತ್ಯಾಸ ನಡೆಯುತ್ತದೆ, ಜಾಬ್ ಸರಿಯಾಗಿಯೇ ಇತ್ತು.

"ಇನ್ನೊಂದ್ಸಲ ನೋಡು."

"12.98 ಮೇಡಂ. ಅರ್ಧದ ಗೆರೆ ಕಾಣ್ತಿದೆಯಲ್ಲ?"

ನಿಜ. ಕಾಣುತ್ತಿತ್ತು.

ಇದು ಬಲ್ಲವರಿಗೆ ಗೊತ್ತಿರುವ ವಿಷಯ. ತಿಂಬಲ್ 48ರ ಹತ್ತಿರ ಇದ್ದಾಗ ಅರ್ಧ ಗೆರೆ ತಲುಪಲು ಇನ್ನು ಉಳಿದಿರುವುದು ಬರೀ 0.02 ಮಿಲಿಮೀಟರ್. ಗೆರೆಗೂ ಸ್ವಲ್ಪ ದಪ್ಪ ಇರುತ್ತದೆ. ಹಾಗಾಗಿ ಅದು ಮೊದಲೇ ಇಣುಕುತ್ತದೆ. ತಿಂಬಲ್ ನಲವತ್ತರ ಮೇಲಿದ್ದು ಗೆರೆ ಆಗಷ್ಟೇ ಇಣುಕುತ್ತಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಬಾರದು. ತಿಂಬಲ್ ಸೊನ್ನೆ ದಾಟಿದ್ದರೆ ಮಾತ್ರ ಸೇರಿಸಬೇಕು. ಹಳಬರ ಕಣ್ಣು ಇದನ್ನು ತಾನಾಗಿಯೇ ಮಾಡುತ್ತದೆ. ಅದಕ್ಕೇ ಅವರಿಗೆ ಇದನ್ನು ಹೇಳಿಕೊಡಬೇಕು ಎಂದೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ನನ್ನ ವಿಡಿಯೋದಲ್ಲಿ ಇದ್ದ ಅಳತೆಗಳು 7.65 ಮತ್ತು 12.78. ಎರಡರಲ್ಲೂ ಅರ್ಧ ಗೆರೆ ಸ್ಪಷ್ಟವಾಗಿ ಹೊರಗೆ ಬಂದಿರುತ್ತದೆ. ಮೇಲಾಗಿ ನನ್ನ ಚಿತ್ರದಲ್ಲಿ ಗೆರೆಗೆ ದಪ್ಪವೇ ಇರಲಿಲ್ಲ. ಕೆಂಪು ಬಣ್ಣದ ಕೂದಲೆಳೆ. ಅವನ ಕೈಯಲ್ಲಿದ್ದ ಮೈಕ್ರೋಮೀಟರ್‌ನಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಎಣ್ಣೆ ಹಿಡಿದ ಕಪ್ಪು ಗೆರೆಗಳು, ಮೇಲೆ ಟ್ಯೂಬ್‌ಲೈಟ್‌ನ ಹೊಳಪು.

ಅವನು ಆಫ್‌ಸೆಟ್‌ನಲ್ಲಿ 0.48 ಕಡಿಮೆ ಮಾಡಿದ್ದರೆ ಮುಂದಿನ ಜಾಬ್‌ಗಳೆಲ್ಲ 12.00ಕ್ಕೆ ಬಂದು ಸೀದಾ ಬಿನ್‌ಗೆ ಹೋಗುತ್ತಿದ್ದವು. ಇಷ್ಟು ದಿನ ಆಗುತ್ತಿದ್ದದ್ದು ಅದೇ. ಆ ಹುಡುಗನಿಗೆ ಎಷ್ಟು ಸಲ ಬೈಗುಳ ಬಿದ್ದಿತ್ತೋ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ನಾನು ಕಲಿಸಿದ್ದನ್ನೇ ಮಾಡಿದ್ದ.

ಆ ದಿನ ಇನ್ನೊಂದು ಸಂಗತಿಯೂ ಕಂಡಿತು. ಪ್ರತಿ ಹತ್ತನೇ ಜಾಬ್ ಅಳೆದು ಇನ್‌ಸ್ಪೆಕ್ಷನ್ ಶೀಟ್‌ನಲ್ಲಿ ಬರೆಯಬೇಕು ಎಂಬ ನಿಯಮ ಇದೆ. ಇಡೀ ಬೆಳಿಗ್ಗೆ ಯಾರೂ ಏನೂ ಬರೆಯಲಿಲ್ಲ. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಎಲ್ಲರೂ ಸೂಪರ್‌ವೈಸರ್ ಮೇಜಿನ ಸುತ್ತ ಸೇರಿ ಸರಸರ ಬರೆದರು. 12.49, 12.49, 12.50. ಒಂದೇ ಪೆನ್ನು, ಒಂದೇ ಉಸಿರಿನಲ್ಲಿ. ಹೀಗೆ ಬರೆಯಬಾರದು ಎಂದು ನಾನು ಇನ್ನೊಂದು ವಿಡಿಯೋದಲ್ಲಿ ಹೇಳಿದ್ದೆ. ಅದಕ್ಕೂ ಹಸಿರು ಗುರುತು ಬಂದಿತ್ತು.

ಯಾಕೆ ಆಗಿಂದಾಗಲೇ ಬರೆಯಲ್ಲ? ಶೀಟ್ ಮೇಜಿನ ಮೇಲಿದೆ, ಮೆಷಿನ್ ಬಿಟ್ಟು ಅಷ್ಟು ದೂರ ಹೋಗಲು ಆಗಲ್ಲ. ಯಾಕೆ ಅಲ್ಲಿದೆ? ಮೆಷಿನ್ ಹತ್ತಿರ ಇಟ್ಟರೆ ಎಣ್ಣೆ ಆಗುತ್ತೆ. ಎಣ್ಣೆ ಆದರೆ ಏನು? ಯಾವಾಗಲೋ ಒಮ್ಮೆ ಆಡಿಟ್‌ಗೆ ಬಂದವರು ಶೀಟ್ ಮೇಲೆ ಕಲೆ ಇದೆ ಎಂದಿದ್ದರಂತೆ. ಓನೊ ಅವರು ಐದು ಸಲ ಯಾಕೆ ಎಂದು ಕೇಳಿ ಎನ್ನುತ್ತಿದ್ದರು. ನಮಗೆ ಮೂರೇ ಸಾಕಾಯಿತು. ಒಂದು ರಟ್ಟಿನ ಪ್ಯಾಡ್, ಮೇಲೆ ಪ್ಲಾಸ್ಟಿಕ್ ಹಾಳೆ, ದಾರ ಕಟ್ಟಿದ ಒಂದು ಪೆನ್ನು ಮೆಷಿನ್ ಪಕ್ಕಕ್ಕೇ ಬಂದವು. ಜೊತೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಚಿಕ್ಕ ಎಲ್‌ಇಡಿ ದೀಪ. ಅಲ್ಲಿಂದ ಮುಂದೆ ಶೀಟ್‌ನಲ್ಲಿ ಬೇರೆ ಬೇರೆ ಹೊತ್ತಿನ ಬೇರೆ ಬೇರೆ ಅಂಕಿಗಳು ಕಾಣತೊಡಗಿದವು. ಅಳತೆ ನಿಧಾನವಾಗಿ ಒಂದೇ ಕಡೆ ಸರಿಯುತ್ತಿದ್ದರೆ ಟೂಲ್ ಸವೆಯುತ್ತಿದೆ ಎಂದು ಈಗ ಶೀಟ್ ನೋಡಿಯೇ ಹೇಳಬಹುದು.

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ಎರಡು ತೊಂದರೆಗಳಲ್ಲಿ ಒಂದು ಕಲಿಕೆಯದು, ಇನ್ನೊಂದು ಕೆಲಸ ನಡೆಯುವ ರೀತಿಯದು. ಕೋಣೆಯಲ್ಲಿ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಹುಡುಗರಿಗೆ ಬರುತ್ತಿಲ್ಲ, ಇನ್ನೊಂದು ಪಾಠ ಮಾಡಿ. ಯಾವುದು ಯಾವುದು ಎಂದು ಬೇರೆ ಮಾಡಲು ಮೆಷಿನ್ ಪಕ್ಕ ನಿಲ್ಲದೆ ಬೇರೆ ದಾರಿ ಇಲ್ಲ.

ಶೀಟ್‌ನ ತೊಂದರೆ ಒಂದೇ ದಿನದಲ್ಲಿ ಮುಗಿಯಿತು. ಗೆರೆಯ ತೊಂದರೆಗೆ ಪಾಠವನ್ನೇ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅದಕ್ಕೆ ನನಗೆ ನೆರವಾದ ಸಂಶೋಧನೆಗಳಲ್ಲಿ ಒಂದು 2014ರದು. ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ನಾಲ್ಕು ಕೋರ್ಸ್‌ಗಳಲ್ಲಿ ಜನ ವಿಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದ್ದರು. ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ಅದರಲ್ಲಿ ನಿಲ್ಲುವುದು ಹೆಚ್ಚೆಂದರೆ ಆರು ನಿಮಿಷ. ನನ್ನದು 22 ನಿಮಿಷ. ಫೋನ್ ಓಡುತ್ತಿತ್ತು, ಹಸಿರು ಗುರುತು ಬಂತು, ಅಷ್ಟೇ. ಆದರೆ ಉದ್ದ ಕಡಿಮೆ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂದು ಇದನ್ನು ಓದಿದವರು ಬೇಗ ತೀರ್ಮಾನಕ್ಕೆ ಬರುತ್ತಾರೆ. ನಾನೂ ಬಂದಿದ್ದೆ. ನಾಲ್ಕು ನಿಮಿಷದ ವಿಡಿಯೋವನ್ನೂ ಸುಮ್ನೆ ನೋಡಿ ಬಿಟ್ಟರೆ ಏನೂ ಉಳಿಯುವುದಿಲ್ಲ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನ್ ಕೋಡಿಂಗರ್ ಮತ್ತು ಜೊತೆಗಾರರು 2015ರಲ್ಲಿ ಒಂದು ಆನ್‌ಲೈನ್ ಮನಶ್ಶಾಸ್ತ್ರ ಕೋರ್ಸ್ ತೆಗೆದುಕೊಂಡು ಲೆಕ್ಕ ಹಾಕಿದರು. ಜಾಸ್ತಿ ವಿಡಿಯೋ ನೋಡುವುದರಿಂದ, ಜಾಸ್ತಿ ಪುಟ ಓದುವುದರಿಂದ ಆಗುವ ಲಾಭಕ್ಕಿಂತ ಜಾಸ್ತಿ ಅಭ್ಯಾಸ ಮಾಡುವುದರಿಂದ ಆಗುವ ಲಾಭ ಆರು ಪಟ್ಟಿಗೂ ಮೇಲೆ.

ಇನ್ನೊಂದು ಪ್ರಯೋಗ 2006ರದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಓದಿದವರೇ ಮುಂದೆ, 83ಕ್ಕೆ 71. ಒಂದು ವಾರದ ಮೇಲೆ ಕೇಳಿದಾಗ ಓದಿದವರು 40ಕ್ಕೆ ಇಳಿದಿದ್ದರು, ನೆನಪಿನಿಂದ ಬರೆದವರು 61ರಲ್ಲಿ ನಿಂತಿದ್ದರು.

ಇದನ್ನು ಓದಿದಾಗ ನನಗೆ ನಮ್ಮಜ್ಜ ನೆನಪಾದರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ರಾಗವಾಗಿ ಹೇಳಿ ಮುಗಿಸಿದರೆ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ, ಕೈ ಅನ್ನದಲ್ಲಿರುವಾಗ, ಇದ್ದಕ್ಕಿದ್ದಂತೆ "ಏಳೆಂಟ್ಲ?" ಎನ್ನುತ್ತಿದ್ದರು. ಐವತ್ತಾರು ಎಂದು ತಕ್ಷಣ ಬಾಯಿಗೆ ಬರಬೇಕು. ಬಾರದಿದ್ದರೆ ಬೈಯುತ್ತಿರಲಿಲ್ಲ. ಮೊಸರನ್ನಕ್ಕೆ ಬರುವಷ್ಟರಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದರು. ಅಜ್ಜ ನಾಲ್ಕನೇ ಕ್ಲಾಸ್ ಓದಿದವರು. ರಾಗವಾಗಿ ಹೇಳುವುದು ಬೇರೆ, ಬೇಕಾದಾಗ ನೆನಪಾಗುವುದು ಬೇರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಪಾಠ ಹೀಗೆ ಮಾಡಿದೆ. ಅನಿಮೇಷನ್ ಬಿಟ್ಟೆ. ನಮ್ಮದೇ ಶಾಪ್‌ನ ಮೈಕ್ರೋಮೀಟರ್‌ಗಳ ಫೋಟೋ ತೆಗೆದೆ, ಎಣ್ಣೆ, ಗೀರು, ಹೊಳಪು ಎಲ್ಲ ಇರುವ ಹಾಗೆಯೇ. ಅದರಲ್ಲಿ ಅರ್ಧದಷ್ಟು ಫೋಟೋಗಳಲ್ಲಿ ಗೆರೆ ಇಣುಕುತ್ತಿರುವ ಅಳತೆಗಳು. ಮೊದಲು ಫೋಟೋ ಬರುತ್ತದೆ, ಎಷ್ಟು ಎಂದು ಬರೆಯಬೇಕು. ಆರಿಸಲು ಉತ್ತರಗಳಿಲ್ಲ. ಬರೆದ ಮೇಲೆ ಒಂದು ನಿಮಿಷದ ವಿವರಣೆ. ಎರಡು ದಿನ ಬಿಟ್ಟು ಮತ್ತೆ ಮೂರು ಫೋಟೋ. ಒಂದು ವಾರ ಬಿಟ್ಟು ಮತ್ತೆ ಮೂರು.

ಬ್ಯಾಚ್‌ನವರಿಗೆ ಇದು ಇಷ್ಟವಾಗಲಿಲ್ಲ. ಒಬ್ಬ ಹುಡುಗಿ ಬಂದು ಮೆಲ್ಲಗೆ ಹೇಳಿದಳು, "ಮೇಡಂ, ಹಿಂದಿನ ಬ್ಯಾಚ್‌ನವರ ವಿಡಿಯೋನೇ ಚೆನ್ನಾಗಿತ್ತು. ಅದರಲ್ಲಿ ಎಲ್ಲ ಅರ್ಥ ಆಗುತ್ತೆ. ಇದರಲ್ಲಿ ನಮಗೆ ಏನೂ ಬರಲ್ಲ ಅನ್ಸುತ್ತೆ." ನನಗೆ ಬೇಜಾರಾಯಿತು. ಹಳೆಯದಕ್ಕೇ ಹೋಗೋಣವಾ ಎಂದೂ ಅನ್ನಿಸಿತು. ಆಗ ಧೈರ್ಯ ಕೊಟ್ಟದ್ದು 2019ರಲ್ಲಿ ಹಾರ್ವರ್ಡ್‌ನ ಲೂಯಿ ಡೆಲೋರಿಯೆ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ. ಭೌತಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಸೊಗಸಾದ ಉಪನ್ಯಾಸ ಕೇಳಿತು, ಇನ್ನೊಂದು ಗುಂಪು ಅದೇ ವಿಷಯವನ್ನು ತಾವೇ ಲೆಕ್ಕ ಬಿಡಿಸುತ್ತಾ ಕಲಿಯಿತು. ಪರೀಕ್ಷೆಯಲ್ಲಿ ಎರಡನೆಯವರು ಮುಂದಿದ್ದರು. ಆದರೆ ಎಷ್ಟು ಕಲಿತಿರಿ ಎಂದು ಕೇಳಿದಾಗ, ಜಾಸ್ತಿ ಕಲಿತೆವು ಎಂದವರು ಉಪನ್ಯಾಸ ಕೇಳಿದವರು. ತಲೆ ಕೆಲಸ ಮಾಡುವಾಗ ಆಗುವ ತಡಕಾಟವನ್ನು ನಾವು ಬಾರದಿರುವುದು ಎಂದು ತಿಳಿಯುತ್ತೇವೆ. ಇದನ್ನು ಆ ಹುಡುಗಿಗೆ ಹಾಗೆಯೇ ಹೇಳಿದೆ. ಈಗ ಪ್ರತಿ ಬ್ಯಾಚ್‌ಗೂ ಮೊದಲ ದಿನವೇ ಹೇಳುತ್ತೇನೆ.

ಕೆಲವು ತಿಂಗಳಲ್ಲಿ ಗೆರೆ ತಪ್ಪಿ ಓದಿದ ಸ್ಕ್ರ್ಯಾಪ್ ತುಂಬಾ ಅಪರೂಪವಾಯಿತು. ಎಷ್ಟು ಪಾಲು ಪಾಠದಿಂದ, ಎಷ್ಟು ಪಾಲು ಎಲ್‌ಇಡಿ ದೀಪದಿಂದ ಎಂದು ಬೇರೆ ಮಾಡಿ ಹೇಳಲಾರೆ. ಎರಡನ್ನೂ ಒಟ್ಟಿಗೆ ಮಾಡಿದ್ದೆವು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಾಂತರ ಹೊಸಬರು ಬಂದಾಗ ಅವರಿಗೆ ಬೇಗ ಕೆಲಸ ಕಲಿಸಲು ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಕಾರ್ಯಕ್ರಮ 1940ರಲ್ಲಿ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು, ಟೊಯೋಟಾದಂಥ ಕಂಪನಿಗಳು ಅದನ್ನು ಗಟ್ಟಿಯಾಗಿ ಹಿಡಿದವು. ಕಲಿಯುವವರನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೂ ಹೋಗಿ ನೋಡುತ್ತಿರು. ಆ ನಾಲ್ಕು ಹೆಜ್ಜೆಗಳ ಜೊತೆ ಒಂದು ಮಾತೂ ಇತ್ತು: ಕೆಲಸಗಾರ ಕಲಿತಿಲ್ಲ ಎಂದರೆ ಕಲಿಸುವವರು ಕಲಿಸಿಲ್ಲ. ಈ ಮಾತು ಮೊದಲೆಲ್ಲ ನನಗೆ ಕಟುವಾಗಿ ಕೇಳುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ತಪ್ಪು ನನ್ನ ಕಡೆ ಇದ್ದರೆ ಸರಿ ಮಾಡುವುದೂ ನನ್ನ ಕೈಯಲ್ಲಿದೆ. ಫೋನಿನ ಪಾಠದಲ್ಲಿ ನಾವು ಎರಡನೇ ಹೆಜ್ಜೆಯನ್ನು ಬಹಳ ಚೆಂದ ಮಾಡುತ್ತೇವೆ. ಮೂರು, ನಾಲ್ಕನ್ನು ಬಿಟ್ಟುಬಿಡುತ್ತೇವೆ.

ಶಾಲೆಗಳ ವಿಷಯದಲ್ಲೂ ನನಗೆ ಹೀಗೇ ಅನ್ನಿಸುತ್ತದೆ. 2020ರಲ್ಲಿ ನನ್ನ ತಂಗಿಯ ಮಗ ಮೂರನೇ ಕ್ಲಾಸ್. ಒಂದೇ ಫೋನ್, ಅದೂ ಅವರಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಸಂಜೆ ಬಂದ ಮೇಲೆ ವಾಟ್ಸಾಪ್‌ನಲ್ಲಿ ಬಂದ ಪಾಠಕ್ಕೆ ನೋಡಿದೆ ಎಂದು ಒತ್ತಿ, ಹೋಂವರ್ಕ್ ಫೋಟೋ ಕಳಿಸಿದರೆ ಹಾಜರಿ. ಅದೇ ವರ್ಷ ನಮ್ಮ ಸರ್ಕಾರ ವಿದ್ಯಾಗಮ ಶುರು ಮಾಡಿತು. ಮೇಷ್ಟ್ರುಗಳು ಮಕ್ಕಳಿದ್ದಲ್ಲಿಗೇ ಬಂದು, ಗುಡಿಯ ಜಗಲಿ, ಮರದ ನೆರಳು ಎಲ್ಲಾದರೂ ಕೂರಿಸಿ ಪಾಠ ಮಾಡುತ್ತಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಕೆಲವು ವಾರಗಳಲ್ಲಿ ಅವರ ಊರಿನ ಮೇಡಂಗೆ ಗೊತ್ತಾದ ಸಂಗತಿ, ಈ ಹುಡುಗ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಮರೆತಿದ್ದಾನೆ ಎಂಬುದು. ಫೋಟೋದಲ್ಲಿ ಅದು ಗೊತ್ತಾಗಿರಲಿಲ್ಲ, ಯಾಕೆಂದರೆ ಹೋಂವರ್ಕ್ ಮಾಡಿಕೊಡುತ್ತಿದ್ದವಳು ನನ್ನ ತಂಗಿ.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದ್ದರು. ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡವರು 92%. ಗಣಿತದಲ್ಲಿ 82%. ಇದರಲ್ಲಿ ಬಡತನದ ಪಾಲಿದೆ, ಶಾಲೆ ಮುಚ್ಚಿದ್ದರ ಪಾಲಿದೆ. ಎಲ್ಲವನ್ನೂ ವಿಡಿಯೋ ಮೇಲೆ ಹಾಕಲಾಗದು. ಆದರೆ ಆ ತಿಂಗಳುಗಳಲ್ಲಿ ನಾವೆಲ್ಲ ಕಳಿಸಿದ ಪಾಠಗಳನ್ನು ಎಣಿಸಿದೆವು, ಅಲ್ವಾ? ಮಗು ಎಲ್ಲಿ ನಿಂತುಬಿಟ್ಟಿದೆ ಎಂದು ನೋಡಲು ಹೋದವರು ಕಡಿಮೆ.

ದೂರದಿಂದ ಕಲಿಸುವುದು ನಮಗೆ ಹೊಸದೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿತ್ತು. ನಮ್ಮ ವಿಜಾಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ನನ್ನ ಮನಸ್ಸಿಗೆ ಹಿಡಿಸಿದ್ದು ಉಪಗ್ರಹದ ಕಥೆಗಿಂತ ಅದರ ಜೊತೆ ನಡೆದ ಇನ್ನೊಂದು ಕೆಲಸ. ಆಯ್ದ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ಉಳಿದು, ಯಾರು ಬಂದು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ, ಮರುದಿನ ಏನು ಮಾತಾಡುತ್ತಾರೆ ಎಂದು ನೋಡಿ ಬರೆದಿಟ್ಟರು. ಪಾಠವನ್ನು ಆಕಾಶದಿಂದ ಕಳಿಸಿದವರಿಗೂ ಜಗಲಿಯ ಮೇಲೆ ಕೂತು ನೋಡಬೇಕು ಎನ್ನುವುದು ತಿಳಿದಿತ್ತು.

ಮುಂದಿನ ಸೋಮವಾರ ಹೊಸ ಬ್ಯಾಚ್ ಬರುತ್ತದೆ, 14 ಜನ. ಈ ಸಲ ಒಂದು ಬದಲಾವಣೆ ಮಾಡಿದ್ದೇವೆ. ಮೊದಲ ದಿನ ಫೋನ್ ಇಲ್ಲ. ಪ್ರತಿಯೊಬ್ಬರ ಕೈಗೂ ಒಂದು ಮೈಕ್ರೋಮೀಟರ್, ಒಂದು ತುಂಡು ಬನಿಯನ್ ಬಟ್ಟೆ, ಮತ್ತು 12.48ಕ್ಕೆ ತಿರುವಿ ಇಟ್ಟ ಒಂದು ಶಾಫ್ಟ್. ಅವರನ್ನು ನೋಡಿಕೊಳ್ಳುವವನು ಆ ಹಾವೇರಿಯ ಹುಡುಗ. ನಿನ್ನೆ ಬಂದು ಶಾಫ್ಟ್‌ಗಳನ್ನೆಲ್ಲ ತಾನೇ ಒಂದು ಸಲ ಅಳೆದು, "ಮೇಡಂ, ಇದರಲ್ಲಿ ಎರಡು 12.51 ಇವೆ. ಇವನ್ನೂ ಇಡೋಣ. ಎಲ್ಲ ಒಂದೇ ಇದ್ರೆ ಪಕ್ಕದವರದ್ದು ನೋಡಿ ಹೇಳಿಬಿಡ್ತಾರೆ" ಎಂದ. ಇಟ್ಟಿದ್ದೇವೆ.